ಎಂಬತ್ತು ಸೆಂಟಿಮೀಟರ್ ಎತ್ತರದ ಬಾಣಂತನ

ಮಗುವನ್ನು ನೋಡುವ ಆತುರದಲ್ಲಿ ಮಹಡಿ ಹತ್ತಿದವಳಿಗೆ ಮೊದಲು ಕಂಡದ್ದು ಮಂಚ. ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ, ಕಡಿದಾದ ಮೆಟ್ಟಿಲ ಮೇಲಿನ ಪುಟ್ಟ ಕೋಣೆಯಲ್ಲಿ, ಅಕ್ಕನ ಮಗಳು ಮಲಗಿದ್ದ ಮಂಚ ನನ್ನ ಸೊಂಟದ ಮಟ್ಟಕ್ಕೆ ಎದ್ದು ನಿಂತಿತ್ತು. ಬಗ್ಗಿ ನೋಡಿದರೆ ಒಂದೊಂದು ಕಾಲಿನ ಕೆಳಗೂ ಗುಳಿ ತೋಡಿದ ದಪ್ಪ ದಿಮ್ಮಿ. ಮಳೆಗಾಲದಲ್ಲಿ ಮನೆಗೆ ನೀರು ನುಗ್ಗಿದರೆ ನಾವು ಮಂಚಕ್ಕೆ ಇಟ್ಟಿಗೆ ಕೊಡುವುದುಂಟು. ಇಲ್ಲಿ ನೀರೂ ಇಲ್ಲ, ನೆಲವೂ ಒಣ ಮರದ್ದು.

‘ಇದೇನೇ ಇಷ್ಟೆತ್ತರ? ಬಾಣಂತಿ ಹತ್ತಿ ಇಳಿಯೋದು ಹೆಂಗೆ?’ ಎಂದಳು ಅಕ್ಕ.

‘ಬಾಣಂತನ ಮಾಡೋಕೆ ಬರ್ತಾರಲ್ಲಮ್ಮ, ಅವರ ಬೆನ್ನಿಗೋಸ್ಕರ. ಎತ್ತರ ಮಾಡಿಸದಿದ್ರೆ ಹಾಸಿಗೆ ಹತ್ತಿರದ ಕೆಲಸ ಮಾಡಲ್ಲ ಅಂತ ಮೊದಲೇ ಹೇಳಿಬಿಡ್ತಾರೆ. ನಾನು ಬಸುರಿ ಇದ್ದಾಗಲೇ ಮಂಚದ ಅಳತೆ ಕೇಳಿದ್ರು.’

ಕೆಲಸಕ್ಕೆ ಬರುವ ಹೆಂಗಸಿನ ಬೆನ್ನಿಗಾಗಿ ಮನೆಯ ಮಂಚ ಎತ್ತರಿಸುವುದು! ನಾನು ಕೇಳಿ ಬೆಳೆದ ಬಾಣಂತನದ ಕತೆಗಳಲ್ಲಿ ತಾಯಿಯ ಸೊಂಟವಿದೆ, ಮಗುವಿನ ನೆತ್ತಿಯಿದೆ, ಅಜ್ಜಿಯ ಕೈಗುಣವಿದೆ. ಹಂಡೆಯಿಂದ ನೀರು ತೋಡಿ ತೋಡಿ ಹಾಕುವವಳ ಬೆನ್ನಿನ ಮಾತು ಎಲ್ಲೂ ಬಂದಿರಲಿಲ್ಲ.

ಡೆಲಿವರಿ ಸ್ವಲ್ಪ ಮುಂಚೆಯೇ ಆಗಿಹೋಗಿದ್ದರಿಂದ ನಾವು ತಲುಪುವಷ್ಟರಲ್ಲಿ ಮಗು ಎರಡು ದಿನದ್ದು. ಅಕ್ಕ ಊರಿಂದ ಅಂಟಿನ ಉಂಡೆ, ಮೆಣಸಿನ ಪುಡಿ, ಹರಳೆಣ್ಣೆ, ಹಳೇ ಮೆತ್ತನೆಯ ಸೀರೆಯ ತುಂಡುಗಳನ್ನು ಕಟ್ಟಿಕೊಂಡು ಬಂದಿದ್ದಳು. ಮಗಳಿಗೆ ಎರಡು ದಿನ ಯಾರೂ ಇರಲಿಲ್ಲವಲ್ಲ ಎಂದು ವಿಮಾನದುದ್ದಕ್ಕೂ ಕಣ್ಣೊರೆಸಿಕೊಂಡಿದ್ದಳು. ಬಂದು ನೋಡಿದರೆ ಬಾಣಂತಿ ಮಡಿ ಬಟ್ಟೆಯುಟ್ಟು, ದಿಂಬಿಗೊರಗಿ, ತಟ್ಟೆಯಲ್ಲಿ ಏನನ್ನೋ ತಿನ್ನುತ್ತಿದ್ದಾಳೆ. ಕಿಟಕಿ ಅರ್ಧ ತೆರೆದಿದೆ. ಒಗೆದ ಪುಟಾಣಿ ಬಟ್ಟೆಗಳು ಮಡಿಸಿಟ್ಟಿವೆ. ಐವತ್ತು ದಾಟಿದ ಗಟ್ಟಿಮುಟ್ಟಾದ ಡಚ್ ಹೆಂಗಸೊಬ್ಬರು ಮಗುವಿನ ಕಂಕುಳಿಗೆ ಥರ್ಮಾಮೀಟರ್ ಇಟ್ಟುಕೊಂಡು ಗಡಿಯಾರ ನೋಡುತ್ತಿದ್ದಾರೆ.

ಆ ದೇಶದಲ್ಲಿ ಇದಕ್ಕೆ ಕ್ರಾಮ್‌ಜೋರ್ಖ್ ಎನ್ನುತ್ತಾರೆ. ಹೆರಿಗೆಯಾದ ಮನೆಗೆ ತರಬೇತಿ ಪಡೆದು ನೋಂದಾಯಿಸಿಕೊಂಡ ಸಹಾಯಕಿ ಬಂದು ದಿನಕ್ಕೆ ಕೆಲವು ಗಂಟೆ ತಾಯಿ, ಮಗು, ಮನೆ ಮೂರನ್ನೂ ನೋಡಿಕೊಳ್ಳುವ ಏರ್ಪಾಡು. ಅಲ್ಲಿ ವಾಸಿಸುವ ಎಲ್ಲರೂ ಮಾಡಿಸಲೇಬೇಕಾದ ಮೂಲ ಆರೋಗ್ಯ ವಿಮೆಯಲ್ಲೇ ಇದು ಸೇರಿದೆ. ಕನಿಷ್ಠ 24 ಗಂಟೆ, ಗರಿಷ್ಠ 80. ಎದೆಹಾಲು ಕುಡಿಸುವ, ತೊಡಕಿಲ್ಲದ ಹೆರಿಗೆಗೆ ಎಂಟು ದಿನದಲ್ಲಿ ಹಂಚಿ 49 ಗಂಟೆ ಎಂಬುದು ಬಹುಕಾಲದಿಂದ ನಡೆದುಬಂದ ಲೆಕ್ಕ. ಮನೆಯವರು ಗಂಟೆಗೆ ಐದು ಯೂರೋ ಚಿಲ್ಲರೆ ತೆತ್ತರೆ ಮಿಕ್ಕದ್ದನ್ನು ವಿಮೆ ಭರಿಸುತ್ತದೆ. ಚಿಪ್ ಯಂತ್ರದ ಕಾರ್ಖಾನೆಗೆ ಹೋಗುವ ಕನ್ನಡದ ಎಂಜಿನಿಯರ್ ಮನೆಗೂ ಅದೇ ನಿಯಮ, ಪಕ್ಕದ ಬೀದಿಯ ಬಸ್ ಡ್ರೈವರ್ ಮನೆಗೂ ಅದೇ. ಬಸುರಿಗೆ ಮೂರ್ನಾಲ್ಕು ತಿಂಗಳಾಗುವಷ್ಟರಲ್ಲಿ ಹೆಸರು ಬರೆಸಿಬಿಡಬೇಕು; ತಡವಾದರೆ ಸಹಾಯಕಿ ಸಿಗುವುದು ಕಷ್ಟ.

ಹೆರಿಗೆಗೆ ಮುಂಚೆ ವಿಮೆಯವರು ಒಂದು ಪೆಟ್ಟಿಗೆಯನ್ನೂ ಕಳಿಸುತ್ತಾರೆ. ಪ್ಯಾಡುಗಳು, ಹಾಸಿಗೆ ಒದ್ದೆಯಾಗದಂತೆ ಹಾಸುವ ಶೀಟುಗಳು, ಹತ್ತಿ ಬಟ್ಟೆ, ಹೊಕ್ಕುಳಬಳ್ಳಿಗೆ ಹಾಕುವ ಕ್ಲಿಪ್ಪು. ಅದನ್ನು ನೋಡಿದಾಗ ನನಗೆ ನಮ್ಮ ಮಡಿಲು ಕಿಟ್ ನೆನಪಾಯಿತು. 2007ರಲ್ಲಿ ಕರ್ನಾಟಕ ಸರ್ಕಾರ ಬಡ ಬಾಣಂತಿಯರಿಗೆ ಕೊಡಲು ತೊಡಗಿದ, 19 ಸಾಮಾನುಗಳ ಆ ಚೀಲದಲ್ಲಿ ಸೊಳ್ಳೆಪರದೆ, ಸ್ವೆಟರ್, ಸೋಪುಗಳ ಜೊತೆ ತಾಯಿಯ ಹೊಟ್ಟೆಗೆ ಕಟ್ಟುವ ಬಟ್ಟೆಯೂ ಇತ್ತು. ಆ ಪಟ್ಟಿ ಬರೆದವರು ಯಾರೋ ನಿಜವಾದ ಬಾಣಂತಿ ಕೋಣೆಯನ್ನು ಕಂಡವರೇ. ಆ ಬಟ್ಟೆಯನ್ನು ಕಟ್ಟುವ ಕೈ ಮಾತ್ರ ಚೀಲದಲ್ಲಿ ಬರುವಂಥದ್ದಲ್ಲ.

ಬೆಳಗ್ಗೆ ಬಂದೊಡನೆ ಆ ಡಚ್ ಸಹಾಯಕಿ ಕೋಟು ತೂಗುಹಾಕಿ, ಮೊಣಕೈವರೆಗೆ ಕೈ ತೊಳೆದು ಮೇಲೆ ಬರುತ್ತಿದ್ದರು. ‘ರಾತ್ರಿ ಹೇಗಿತ್ತು?’ ಎಂಬುದು ಮೊದಲ ಪ್ರಶ್ನೆ. ಆಮೇಲೆ ತಾಯಿಗೂ ಮಗುವಿಗೂ ಜ್ವರ ನೋಡುವುದು. ಬಾಣಂತಿಯ ಹೊಟ್ಟೆ ಒತ್ತಿ ಗರ್ಭಕೋಶ ಎಷ್ಟು ಇಳಿದಿದೆ ಎಂದು ಬೆರಳಲ್ಲಿ ಅಳೆಯುವುದು. ಹೊಲಿಗೆ ನೋಡುವುದು. ಮಗುವನ್ನು ತೂಗಿ, ಕಿಟಕಿಯ ಬೆಳಕಿಗೆ ಹಿಡಿದು ಮೈ ಹಳದಿಯಾಗಿದೆಯೇ ಎಂದು ಪರೀಕ್ಷಿಸುವುದು. ಎಷ್ಟು ಸಲ ಉಚ್ಚೆ, ಎಷ್ಟು ಸಲ ಕಕ್ಕ, ಎಷ್ಟು ಹೊತ್ತಿಗೆ ಹಾಲು ಎಲ್ಲವನ್ನೂ ಒಂದು ಪುಸ್ತಕಕ್ಕೆ ಬರೆಯುವುದು. ಸೂಲಗಿತ್ತಿ ಮನೆಗೆ ಬಂದಾಗ ಮೊದಲು ಓದುವುದು ಆ ಪುಸ್ತಕವನ್ನೇ. ಅಲ್ಲಿ ಸೂಲಗಿತ್ತಿಯೆಂದರೆ ಪದವಿ ಓದಿ ಸ್ವತಂತ್ರವಾಗಿ ಹೆರಿಗೆ ಮಾಡಿಸುವ ವೃತ್ತಿಯವಳು.

ಇಷ್ಟೆಲ್ಲ ಮುಗಿಸಿ ಆಕೆ ಹೋಗುತ್ತಿದ್ದದ್ದು ಕಕ್ಕಸು ತೊಳೆಯಲು. ಮೊದಲ ದಿನ ಅದನ್ನು ಕಂಡ ಅಕ್ಕ ನನ್ನ ತೋಳು ಹಿಡಿದಳು. ‘ಅದನ್ನ ತೊಳೆದ ಕೈಲೇ ಮಗೂನ ಮುಟ್ತಾಳಾ?’

ಇಲ್ಲಿ ನಮ್ಮದನ್ನು ಬಿಚ್ಚಿ ಹೇಳಲೇಬೇಕು. ನಮ್ಮಲ್ಲಿ ಬಾಣಂತಿಗೆ ಎಣ್ಣೆ ಹಚ್ಚುವವಳು ಒಬ್ಬಳು, ಪುರುಡಿನ ಬಟ್ಟೆ ಒಗೆಯುವವಳು ಇನ್ನೊಬ್ಬಳು, ಕಕ್ಕಸು ತೊಳೆಯುವವರು ಮತ್ತೊಬ್ಬರು. ಈ ವಿಂಗಡಣೆಯ ಹಿಂದೆ ಇರುವುದು ಜಾತಿ. ಹೆರಿಗೆಯ ರಕ್ತ ಮುಟ್ಟುವ ಕೆಲಸವನ್ನು ತಲೆತಲಾಂತರದಿಂದ ಕೆಲವರ ಪಾಲಿಗೆ ಹಾಕಿ, ಹನ್ನೊಂದನೇ ದಿನ ಶುದ್ಧಿಯಾದ ಮೇಲೆ ಅವರನ್ನು ಹಿತ್ತಿಲ ಬಾಗಿಲಲ್ಲಿ ಕಳಿಸಿಕೊಟ್ಟ ಮನೆಗಳು ನಮ್ಮವು. ಅಕ್ಕನ ಪ್ರಶ್ನೆಯನ್ನು ಮಗಳು ಇಂಗ್ಲಿಷಿಗೆ ಮೆತ್ತಗೆ ತಿರುಗಿಸಿ ಕೇಳಿದಳು. ಆಕೆಗೆ ಬೇಸರವಾಗಲಿಲ್ಲ. ಕೈಗವಸು ತೋರಿಸಿದರು, ಕೈ ತೊಳೆಯುವ ಕ್ರಮ ಹೇಳಿದರು. ಆಮೇಲೆ, ‘ಹೊಲಿಗೆ ಹಸಿಯಿರುವ ತಾಯಿಗೆ ಸೋಂಕು ತಗಲುವ ಜಾಗ ಅದೇ. ಅದನ್ನು ಬೇರೆಯವರಿಗೆ ಬಿಟ್ಟರೆ ನನ್ನ ಕೆಲಸ ಅರ್ಧಕ್ಕೆ ನಿಂತ ಹಾಗೆ’ ಎಂದರು. ಅಕ್ಕ ಒಪ್ಪಿದಳೆಂದು ಹೇಳಲಾರೆ. ಮರುದಿನದಿಂದ ಆಕೆ ಕೈ ತೊಳೆಯುವುದನ್ನು ನಿಂತು ನೋಡಿ, ತಾನೂ ಹಾಗೆಯೇ ತೊಳೆಯತೊಡಗಿದಳು.

ಕಿಟಕಿಯ ಜಗಳ ಮಾತ್ರ ಬಗೆಹರಿಯಲಿಲ್ಲ. ಆಕೆ ತೆರೆಯುವುದು, ಅಕ್ಕ ಮುಚ್ಚುವುದು. ತಲೆಗೆ ಬಟ್ಟೆ ಕಟ್ಟಬೇಕೆಂದು ಅಕ್ಕ, ಸೆಖೆಯಾದರೆ ಬೇಡವೆಂದು ಆಕೆ. ಸಾಂಬ್ರಾಣಿ ಹೊಗೆಯ ಮಾತೆತ್ತಿದಾಗ ಆಕೆ ಒಂದೇ ಮಾತಿನಲ್ಲಿ ಬೇಡ ಎಂದರು, ನಾನು ಆಕೆಯ ಪರ ನಿಂತೆ. ಹಸುಗೂಸಿನ ಎದೆಗೆ ಹೊಗೆ ಒಳ್ಳೆಯದಲ್ಲವೆಂದು ನಮ್ಮ ಮಕ್ಕಳ ಡಾಕ್ಟರುಗಳೂ ಹೇಳುತ್ತಲೇ ಇದ್ದಾರೆ. ಊಟದಲ್ಲಿ ನಾನು ಅಕ್ಕನ ಪರ. ಬಾಣಂತಿಗೆ ಮಧ್ಯಾಹ್ನ ತಣ್ಣನೆಯ ಬ್ರೆಡ್ಡು, ಚೀಸು ಕೊಡುವ ಪದ್ಧತಿಯನ್ನು ನನ್ನ ಮನಸ್ಸು ಒಪ್ಪಲಿಲ್ಲ. ಅಕ್ಕ ಮಾಡಿದ ಬಿಸಿ ಮೆಣಸಿನ ಸಾರು, ತುಪ್ಪದ ಅನ್ನ ಉಂಡ ಮೇಲೆ ಹುಡುಗಿಯ ಮುಖಕ್ಕೆ ಬಂದ ಕಳೆಯನ್ನು ಕಣ್ಣಾರೆ ಕಂಡೆ.

ಬೆಚ್ಚಗಿಡುವ ವಿಷಯದಲ್ಲಿ ಇಬ್ಬರೂ ಒಂದು. ಅಲ್ಲಿ ತೊಟ್ಟಿಲಿಗೆ ಮೊದಲು ಬಿಸಿನೀರು ತುಂಬಿದ ಲೋಹದ ಬಾಟಲಿಯನ್ನು ದಪ್ಪ ಬಟ್ಟೆಯ ಚೀಲಕ್ಕೆ ಹಾಕಿ ಇಡುತ್ತಾರೆ. ಮುಚ್ಚಳ ಸೋರುತ್ತಿಲ್ಲವೇ, ಮಗುವಿನಿಂದ ಸಾಕಷ್ಟು ದೂರ ಇದೆಯೇ ಎಂದು ಎರಡೆರಡು ಸಲ ನೋಡುತ್ತಾರೆ. ನಮ್ಮ ಅಜ್ಜಿ ಬಾಣಂತಿ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದದ್ದನ್ನು ಅಕ್ಕ ವರ್ಣಿಸಿದಾಗ ಆಕೆ ಕೈಕೆಲಸ ಬಿಟ್ಟು ಕೇಳಿದರು. ತಿಂಡಿಯಲ್ಲೂ ಒಂದು ನೆಂಟಸ್ತಿಕೆ ಸಿಕ್ಕಿತು. ಮಗು ಹುಟ್ಟಿದ ಮನೆಗೆ ಬಂದವರಿಗೆಲ್ಲ ಅಲ್ಲಿ ಗುಂಡನೆಯ ರಸ್ಕಿನ ಮೇಲೆ ಬೆಣ್ಣೆ ಸವರಿ, ಸಕ್ಕರೆ ಪಾಕ ಹಿಡಿದ ಗುಲಾಬಿ-ಬಿಳಿ ಅಥವಾ ನೀಲಿ-ಬಿಳಿ ಕಾಳು ಉದುರಿಸಿ ಕೊಡುತ್ತಾರೆ. 1938ರಲ್ಲಿ ರಾಜಕುಮಾರಿ ಬಿಯಾಟ್ರಿಕ್ಸ್ ಹುಟ್ಟಿದಾಗ ಕಿತ್ತಳೆ ಬಣ್ಣದ ಕಾಳು ಮಾಡಿದ್ದರಂತೆ. ಅಕ್ಕ ಕಚ್ಚಿದವಳೇ, ‘ಸೋಂಪು ಕಣೇ ಇದು!’ ಎಂದಳು. ಹತ್ತಿರದ ಮಾತೇ. ಅದು ಆನಿಸ್, ನಮ್ಮ ಬಡೆಸೋಂಪಿನ ಕುಟುಂಬದ ಗಿಡ. ಸಬ್ಬಸಿಗೆ, ಓಮ, ಜೀರಿಗೆ ಎಲ್ಲವೂ ಅದೇ ಕುಟುಂಬದವು. ಹಾಲು ಹೆಚ್ಚುತ್ತದೆಂದು ಅವರ ಅಜ್ಜಿಯರೂ ನಂಬಿದ್ದರು, ನಮ್ಮವರೂ ನಂಬಿದ್ದರು. ವೈದ್ಯಕೀಯ ಪುರಾವೆ ಇನ್ನೂ ಗಟ್ಟಿಯಾಗಿಲ್ಲ. ಸಬ್ಬಸಿಗೆ ಸೊಪ್ಪಿನ ಪಲ್ಯದ ಮೇಲಿನ ನನ್ನ ಪ್ರೀತಿಗೆ ಆ ಪುರಾವೆ ಬೇಕಾಗಿಲ್ಲ.

ನಾಲ್ಕನೇ ದಿನ ಹುಡುಗಿ ಅತ್ತಳು. ಎದೆ ಕಲ್ಲಾಗಿತ್ತು, ಮಗು ಬಾಯಿ ಹಚ್ಚುತ್ತಿರಲಿಲ್ಲ, ಮೂರು ರಾತ್ರಿಯ ನಿದ್ದೆ ಬಾಕಿ. ‘ಬಾಣಂತಿ ಅಳಬಾರದು, ಕಣ್ಣಿಗೆ ಒಳ್ಳೇದಲ್ಲ’ ಎಂದು ಅಕ್ಕ ಗದರಿದಳು. ಅವಳ ಕಣ್ಣಲ್ಲೂ ನೀರಿತ್ತು. ಆಕೆ ಬಂದು ಮಂಚದ ಪಕ್ಕ ಕೂತರು. ಮೂರನೇ ನಾಲ್ಕನೇ ದಿನ ಅಳು ಬರುವುದು ಸಹಜ, ಹಾರ್ಮೋನ್ ಇಳಿಯುವ ಹೊತ್ತು, ಅದಕ್ಕೆ ನಮ್ಮಲ್ಲಿ ಹೆಸರೇ ಇದೆ ಎಂದು ಹೇಳಿ, ಅಳುವಷ್ಟು ಹೊತ್ತೂ ಸುಮ್ಮನೆ ಕೂತಿದ್ದರು. ಆಮೇಲೆ ಅದನ್ನೂ ಪುಸ್ತಕಕ್ಕೆ ಬರೆದರು: ಇಂಥ ಹೊತ್ತಿಗೆ ಅತ್ತಳು, ಇಷ್ಟು ಹೊತ್ತು, ಆಮೇಲೆ ಮಲಗಿದಳು. ಅಳು ವಾರಗಟ್ಟಲೆ ಮುಂದುವರಿದರೆ ಸೂಲಗಿತ್ತಿಗೋ ವೈದ್ಯರಿಗೋ ತಿಳಿಯಬೇಕು ಎಂಬುದು ಉದ್ದೇಶ. ಭಾರತದ ತಾಯಂದಿರ ಬಗೆಗಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂದಿತ್ತು. ಹೆರಿಗೆಯ ನಂತರದ ಖಿನ್ನತೆ ನೂರಕ್ಕೆ 22 ತಾಯಂದಿರಲ್ಲಿ ಕಾಣುತ್ತದೆ ಎಂದು ಅದು ಹೇಳಿತ್ತು. ನಮ್ಮಲ್ಲಿ ಬಾಣಂತಿಯ ಅಳುವನ್ನು ಬರೆದಿಡುವವರು ಯಾರು?

ಮತ್ತೆ ಮಂಚಕ್ಕೆ ಬರುತ್ತೇನೆ, ಯಾಕೆಂದರೆ ನನ್ನ ಮನಸ್ಸು ಅಲ್ಲಿಗೇ ಹೋಗುತ್ತಿತ್ತು. ನೆಲದಿಂದ ಹಾಸಿಗೆಯ ಮೇಲ್ಮೈವರೆಗೆ ಸುಮಾರು 80 ಸೆಂಟಿಮೀಟರ್ ಇರಬೇಕೆಂದು ಸಂಸ್ಥೆಗಳು ಕೇಳುತ್ತವೆ. ಇದರ ಹಿಂದೆ ಇರುವುದು ಆ ದೇಶದ ಕೆಲಸದ ಸ್ಥಳದ ಸುರಕ್ಷತೆಯ ಕಾನೂನು. ಆ ಕಾನೂನಿನ ಮಟ್ಟಿಗೆ ಬಾಣಂತಿಯ ಕೋಣೆಯೂ ಒಬ್ಬಳು ಕೆಲಸಗಾರ್ತಿ ದುಡಿಯುವ ಜಾಗ. ದಿಮ್ಮಿಗಳನ್ನು ಕೊಳ್ಳಬೇಕಾಗಿಲ್ಲ, ರೋಗಿಗಳ ಶುಶ್ರೂಷೆಗೆ ಬೇಕಾದ ಸಾಮಾನು ಇಡುವ ಅಂಗಡಿಯಿಂದ ಕೆಲವು ವಾರಕ್ಕೆ ತಂದು ವಾಪಸು ಕೊಡಬಹುದು. ಅಕ್ಕನ ಅಳಿಯ ನನ್ನನ್ನು ಆ ಅಂಗಡಿಗೂ ಕರೆದುಕೊಂಡು ಹೋದ. ಗಾಲಿಕುರ್ಚಿ, ಊರುಗೋಲು, ಬೆಡ್‌ಪ್ಯಾನುಗಳ ನಡುವೆ ಒಂದು ಇಡೀ ಕಪಾಟು ಈ ದಿಮ್ಮಿಗಳಿಗೇ. ದುಂಡು ಕಾಲಿಗೆ ಬೇರೆ, ಚೌಕ ಕಾಲಿಗೆ ಬೇರೆ, ಕಾಲೇ ಇಲ್ಲದ ಪೆಟ್ಟಿಗೆ ಮಂಚಕ್ಕೆ ಕಬ್ಬಿಣದ ಚೌಕಟ್ಟು. ನಾನು ಒಂದೊಂದನ್ನೂ ಎತ್ತಿ ತಿರುಗಿಸಿ ನೋಡಿದೆ. ಎಷ್ಟೋ ಮನೆಗಳ ಬಾಣಂತನ ಕಂಡು ಅವುಗಳ ಅಂಚು ಸವೆದು ನುಣುಪಾಗಿತ್ತು.

ಈ ಎತ್ತರಕ್ಕೆ ಏರುವ ಮುಂಚೆ ಅಲ್ಲಿನ ಬಾಣಂತನವೂ ನೆಲದಲ್ಲೇ ಇತ್ತು ಎಂಬುದು ತಿಳಿದಾಗ ನನ್ನ ಸಂತೋಷ ಇನ್ನೂ ಹೆಚ್ಚಿತು. ಹಿಂದೆ ಡಚ್ ಮನೆಗಳಲ್ಲಿ ಬಾಣಂತಿಯನ್ನು ನೋಡಿಕೊಳ್ಳಲು ‘ಬಾಕರ್’ ಎಂಬ ಹೆಂಗಸನ್ನು ಗೊತ್ತುಮಾಡುತ್ತಿದ್ದರು. ಅವಳ ಜೊತೆಗೆ ಇರುತ್ತಿದ್ದದ್ದು ಬೆತ್ತದಂಥ ಕಡ್ಡಿಯಲ್ಲಿ ಹೆಣೆದ, ಉದ್ದನೆಯ, ತಗ್ಗು ಅಂಚಿನ ಬುಟ್ಟಿ. ಒಂದು ತುದಿಯಲ್ಲಿ ಬೆನ್ನೊರಗು. ಅವಳು ಬೆಂಕಿಯ ಗೂಡಿನ ಮುಂದೆ ಆ ಬುಟ್ಟಿಯಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಬಟ್ಟೆ ಸುತ್ತುತ್ತಿದ್ದಳು. ಕಾಲು ನೀಡಿ! ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ಜೋಡಿಸಿ ನೀಡಿ, ಮಗುವನ್ನು ಬೋರಲು ಹಾಕಿಕೊಂಡು ನೀರೆರೆಯುವ ನಮ್ಮ ಹೆಂಗಸರ ಭಂಗಿಯೂ ಅದೇ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿ 1676ರ ಸುಮಾರಿನ ಒಂದು ಗೊಂಬೆಮನೆಯಿದೆ, ಪೆಟ್ರೊನೆಲ್ಲಾ ಡುನ್ವಾ ಎಂಬಾಕೆಯದು. ಅದರಲ್ಲಿ ಬಾಣಂತಿಗೆಂದೇ ಒಂದು ಕೋಣೆ ಉಂಟು. ಯಾನ್ ಸ್ಟೇನ್ 1664ರಲ್ಲಿ ಬರೆದ, ಈಗ ಲಂಡನ್ನಿನ ವಾಲೇಸ್ ಸಂಗ್ರಹದಲ್ಲಿರುವ ಚಿತ್ರದಲ್ಲೂ ಬಾಣಂತಿ ಕೋಣೆಯ ಸಂಭ್ರಮವೇ ವಸ್ತು: ಮಗುವನ್ನೆತ್ತಿಕೊಂಡ ಗಂಡ, ಸುತ್ತ ಹೆಂಗಸರ ಗುಂಪು, ಹಿಂದೆ ಹಾಸಿಗೆ. ಅಂಥ ಮನೆಗಳಲ್ಲಿ ಬಂದವರಿಗೆ ದ್ರಾಕ್ಷಾರಸಕ್ಕೆ ಮೊಟ್ಟೆ, ಚಕ್ಕೆ, ಲವಂಗ ಹಾಕಿ ಕುದಿಸಿದ ಬಿಸಿ ಪಾನಕ ಕೊಡುತ್ತಿದ್ದರು. ನಮ್ಮ ಕಡೆಯ ಸಮುದ್ರ ದಾಟಿ ಹೋದ ಸಾಂಬಾರ ಪದಾರ್ಥಗಳು ಅಲ್ಲೂ ಬಾಣಂತಿ ಕೋಣೆಯನ್ನೇ ಹುಡುಕಿಕೊಂಡು ಹೋಗಿವೆ.

ಬಾಕರ್ ಹೆಂಗಸರನ್ನು ವೈದ್ಯರು ಕೊಳಕು, ಅಜ್ಞಾನಿ ಎಂದು ದೂರಿದರು. ಅವರ ಮಾತೆಂದರೆ ಅಡುಗೂಲಜ್ಜಿ ಕತೆ ಎಂಬ ಅರ್ಥ ಆ ಭಾಷೆಯಲ್ಲಿ ಇಂದಿಗೂ ಉಳಿದಿದೆ. ಅವರ ಜಾಗಕ್ಕೆ ತರಬೇತಿ ಪಡೆದವರು ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಯಿಂದೀಚೆಗೆ. 1875ರಲ್ಲಿ ಹುಟ್ಟಿದ ಬಿಳಿ ಶಿಲುಬೆ, 1900ರ ಹಸಿರು ಶಿಲುಬೆಯಂಥ ಊರೂರಿನ ಸಂಘಗಳು ಸದಸ್ಯರಿಂದ ಚಂದಾ ಎತ್ತಿ ದಾದಿಯರನ್ನು ಇಟ್ಟುಕೊಂಡವು, ಶುಶ್ರೂಷೆಯ ಸಾಮಾನನ್ನು ಎರವಲು ಕೊಟ್ಟವು. ಮನೆಯಲ್ಲೇ ಹೆರುವ ಪದ್ಧತಿ ಅಲ್ಲಿ ಬಹಳ ಕಾಲ ಉಳಿದದ್ದರಿಂದ ಮನೆಗೆ ಬರುವ ಸಹಾಯವೂ ಉಳಿಯಿತು. 1960ರ ದಶಕದ ಮಧ್ಯದಲ್ಲಿ ಮೂರರಲ್ಲಿ ಎರಡು ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಇಂದು ಸುಮಾರು ಏಳರಲ್ಲಿ ಒಂದು. ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಹೆತ್ತವಳನ್ನೂ ಕೆಲವೇ ಗಂಟೆಗಳಲ್ಲಿ ಮನೆಗೆ ಕಳಿಸುತ್ತಾರೆ, ಮನೆಗೆ ಸಹಾಯ ಬರುತ್ತದೆಂಬ ಧೈರ್ಯದ ಮೇಲೆ.

ಕುಂದುಗಳೂ ಇವೆ. ಸಹಾಯಕಿಯರ ಕೊರತೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಹಲವರಿಗೆ ಲೆಕ್ಕದ ಅಷ್ಟೂ ಗಂಟೆ ಸಿಗುವುದಿಲ್ಲ. ರಾತ್ರಿ ಯಾರೂ ಇರುವುದಿಲ್ಲ, ಮಗು ಅಳುವುದು ರಾತ್ರಿಯೇ. ಮತ್ತು ಎಂಟು ದಿನ ತೀರಾ ಸಾಲದು. ಗಂಡನಿಗೆ ಒಂದು ವಾರ ಪೂರ್ತಿ ಸಂಬಳದ ರಜೆ, 2020ರ ಜುಲೈನಿಂದ ಇನ್ನೂ ಐದು ವಾರ ಶೇ 70ರ ಲೆಕ್ಕದಲ್ಲಿ. ಆ ವಾರದಲ್ಲಿ ಆಕೆ ಅಕ್ಕನ ಅಳಿಯನಿಗೆ ಮಗು ಮೀಯಿಸಲು, ಬಟ್ಟೆ ಬದಲಿಸಲು ಕಲಿಸಿದ್ದು ದೊಡ್ಡ ಉಪಕಾರ. ಆದರೆ ನಲವತ್ತು ದಿನ, ಮೂರು ತಿಂಗಳು ಎಂದು ತಾಯಿಯನ್ನು ಕೂರಿಸಿ ನೋಡಿಕೊಳ್ಳುವ ನಮ್ಮ ತವರಿನ ಔದಾರ್ಯ ಆ ಗಂಟೆ ಲೆಕ್ಕದಲ್ಲಿ ಇಲ್ಲ. ಆಕೆ ಕೊನೆಯ ದಿನ ಕೋಟು ಹಾಕಿಕೊಂಡು ಹೊರಟಾಗ ಅಕ್ಕ ಇದ್ದಳು, ಸರಿ. ಅಕ್ಕನ ವೀಸಾ ಇದ್ದದ್ದೇ 90 ದಿನಕ್ಕೆ.

ತವರಿನ ಔದಾರ್ಯ ಎಂದೆ. ಅದರ ಭಾರ ಹೊರುವವರು ಯಾರೆಂದೂ ಹೇಳಬೇಕಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಐದು ವರ್ಷದ ಹಿಂದಿನ ಸಮೀಕ್ಷೆಯಲ್ಲಿ ಅದು 299 ಮತ್ತು 97 ಆಗಿತ್ತು. ಹೆಂಗಸರ ಕೆಲಸ ಹತ್ತು ನಿಮಿಷ ಇಳಿದರೆ ಗಂಡಸರದೂ ಒಂಬತ್ತು ನಿಮಿಷ ಇಳಿದಿದೆ! ಮಗಳ ಬಾಣಂತನಕ್ಕೆಂದು ಬರುವ ಅರವತ್ತರ ಅಮ್ಮನಿಗೆ ಈ 289 ನಿಮಿಷದ ಮೇಲೆ ಇನ್ನೊಂದು ಸಂಸಾರದ ಕೆಲಸ. ಅಮ್ಮನಿಗೆ ಮಂಡಿನೋವು, ಸಕ್ಕರೆ ಕಾಯಿಲೆ. ಬೆಂಗಳೂರಿನಲ್ಲಿ ಎಷ್ಟೋ ಮನೆಗಳಲ್ಲಿ ಈಗ ಅಮ್ಮನಿಗೂ ಆಗದು, ಅತ್ತೆಗೂ ಆಗದು. ಆಗ ದುಡ್ಡು ಕೊಟ್ಟು ಜನ ಗೊತ್ತುಮಾಡುವುದೇ ದಾರಿ. ಅದನ್ನು ‘ತಾಯಿಯಾದವಳಿಗೆ ಇಷ್ಟೂ ಆಗದೇ?’ ಎಂದು ಆಡಿಕೊಳ್ಳುವವರ ಮಾತು ನನಗೆ ಸಹಿಸಲಾಗುವುದಿಲ್ಲ. ಹಿಂದೆಯೂ ಯಾವ ಬಾಣಂತಿಯೂ ಒಬ್ಬಳೇ ನಿಭಾಯಿಸಿದ್ದಿಲ್ಲ. ಸುತ್ತ ಅತ್ತಿಗೆ, ನಾದಿನಿ, ಚಿಕ್ಕಮ್ಮ ಇದ್ದರು. ಉಳ್ಳವರ ಮನೆಯಲ್ಲಿ ಕಾಳು, ಸೀರೆ ಪಡೆದು ದುಡಿಯುವವರಿದ್ದರು.

ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿದರು, ಹಣಕ್ಕೆ ಕೈ ಚಾಚಲಿಲ್ಲ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಬಗ್ಗೆ ನನಗಿರುವುದು ಭಕ್ತಿಯೇ. ಆದರೆ ಕೂಲಿ ಕೇಳದವಳಿಗೆ ಹಾರ ಹಾಕುವ ನಾವು, ಅದೇ ಕೆಲಸಕ್ಕೆ ಕೂಲಿ ಕೇಳುವವಳ ಹತ್ತಿರ ಚೌಕಾಸಿಗೆ ಇಳಿಯುತ್ತೇವೆ. ಮನೆಗೆಲಸದವರಿಗೆ ಕನಿಷ್ಠ ಕೂಲಿ ನಿಗದಿ ಮಾಡಿದ ಮೊದಲ ರಾಜ್ಯ ಕರ್ನಾಟಕ, 2004ರಲ್ಲಿ. ಮನೆಗೆಲಸದವರ ಹಕ್ಕುಗಳ ಬಗೆಗಿನ 189ನೇ ಒಡಂಬಡಿಕೆಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂಗೀಕರಿಸಿದ್ದು 2011ರಲ್ಲಿ. ಭಾರತ ಇನ್ನೂ ಅನುಮೋದಿಸಿಲ್ಲ. 2025ರಲ್ಲಿ ರಾಜ್ಯದ ಕಾರ್ಮಿಕ ಇಲಾಖೆ ಸಾಮಾಜಿಕ ಭದ್ರತೆಗಾಗಿ ಕರಡು ಮಸೂದೆ ತಂದಿತು, ಕೆಲಸ ಕೊಡುವವರು ಕೂಲಿಯ ಮೇಲೆ ಶೇ 5ರವರೆಗೆ ಕಲ್ಯಾಣ ನಿಧಿಗೆ ಕೊಡಬೇಕೆಂಬ ಪ್ರಸ್ತಾವ ಅದರಲ್ಲಿತ್ತು. ಇವೆಲ್ಲ ಬಾಣಂತಿಯ ಬಚ್ಚಲಿನವರೆಗೆ ತಲುಪುವುದು ಯಾವಾಗ? ಒಂದು ಅಸ್ತಿಭಾರ ಮಾತ್ರ ನಮ್ಮಲ್ಲಿ ಆಗಲೇ ಇದೆ. ಆಸ್ಪತ್ರೆಯಲ್ಲಿ ಹೆತ್ತು ಬಂದವರ ಮನೆಗೆ ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಹೋಗಿ ಮಗುವನ್ನು ತೂಗಿ, ಜ್ವರ ನೋಡಿ, ಬರೆದುಕೊಳ್ಳಬೇಕು. ಡಚ್ ಹೆಂಗಸಿನ ಪುಸ್ತಕದ ಅರ್ಧ ಭಾಗ ಅವಳ ಚೀಲದಲ್ಲೇ ಇದೆ. ಇನ್ನರ್ಧ, ಅಂದರೆ ಬಟ್ಟೆ ಒಗೆಯುವ, ಗಂಜಿ ಕಾಯಿಸುವ, ತಾಯಿ ಮಲಗುವಷ್ಟು ಹೊತ್ತು ಮಗುವನ್ನು ಹಿಡಿದು ಕೂರುವ ಕೈಗಳ ಸಂಬಳಕ್ಕೆ ಯಾವ ಬಜೆಟ್ಟಿನಲ್ಲೂ ಸಾಲು ಬಿದ್ದಿಲ್ಲ.

ಊರಿಗೆ ಮರಳಿದ ಮೇಲೆ ಬೆಂಗಳೂರಿನ ಪಶ್ಚಿಮದ ಬಡಾವಣೆಯೊಂದರಲ್ಲಿ ಬಾಣಂತನದ ಕೆಲಸ ಮಾಡುವ ಹೆಂಗಸನ್ನು ಹುಡುಕಿಕೊಂಡು ಹೋದೆ. ಕುಣಿಗಲ್ ಕಡೆಯವರು, ಅತ್ತೆಯಿಂದ ಕಲಿತ ಕೆಲಸ. ಬೆಳಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನದೊಳಗೆ ನಾಲ್ಕು ಮನೆ. ‘ಎಣ್ಣೆ ತಿಕ್ಕೋದು ಕೈಯಲ್ಲಿ ಅಂತ ತಿಳ್ಕೊಂಡಿದ್ದೀರಾ ಅಮ್ಮ? ಅದು ಸೊಂಟದಲ್ಲಿ’ ಎಂದರು. ತಾಯಿಯನ್ನು ಚಾಪೆಯ ಮೇಲೆ ಮಲಗಿಸಿಕೊಂಡು ಮಂಡಿಯೂರಿ ತಿಕ್ಕುವುದು, ಆಮೇಲೆ ಬಚ್ಚಲಲ್ಲಿ ನೀರು ಹಾಕುವುದು, ಆಮೇಲೆ ಮಗು. ಹೊಸ ಅಪಾರ್ಟ್‌ಮೆಂಟುಗಳ ಬಚ್ಚಲಿಗೆ ಕಾಲು ನೀಡುವಷ್ಟು ಉದ್ದವೇ ಇಲ್ಲ, ನಡುವೆ ಗಾಜಿನ ಬಾಗಿಲು ಬೇರೆ. ಹಾಗಾಗಿ ಕಾಲು ಮಡಿಸಿಕೊಂಡೇ ಮಗುವಿಗೆ ನೀರೆರೆಯುತ್ತಾರೆ. ಮೂಗಿಗೆ ಕಿವಿಗೆ ಎಣ್ಣೆ ಬಿಡುವುದನ್ನು, ಎಳೆ ಮಗುವಿನ ಎದೆ ಹಿಂಡುವುದನ್ನು ಬಿಟ್ಟು ಬಹಳ ವರ್ಷವಾಯಿತಂತೆ. ಬಿಡಿಸಿದ್ದು ಅವರು ಕೆಲಸ ಮಾಡುತ್ತಿದ್ದ ಮನೆಯ ಡಾಕ್ಟರಮ್ಮ, ಕಾರಣ ಹೇಳಿ. ‘ಹಂಗೆ ಕೂರಿಸ್ಕಂಡು ಹೇಳಿದ್ರೆ ಯಾರು ಕಲಿಯಲ್ಲ ಹೇಳಿ?’

ನಾನು ದಿಮ್ಮಿಯ ಮಂಚದ ಫೋಟೋ ತೋರಿಸಿದೆ. ಫೋನು ಕೈಗೆ ತೆಗೆದುಕೊಂಡು ದೊಡ್ಡದು ಮಾಡಿ ನೋಡಿದರು. ಅದರ ಎತ್ತರ ಕೇಳಿದರು, ಅಲ್ಲಿ ಕೆಲಸಕ್ಕೆ ಬರುವವರಿಗೆ ಎಷ್ಟು ಕೊಡುತ್ತಾರೆಂದು ಕೇಳಿದರು, ಹುಷಾರಿಲ್ಲದಾಗ ಏನು ಮಾಡುತ್ತಾರೆಂದು ಕೇಳಿದರು. ಹುಷಾರಿಲ್ಲದಿದ್ದರೆ ಸಂಸ್ಥೆ ಇನ್ನೊಬ್ಬರನ್ನು ಕಳಿಸುತ್ತದೆ, ಸಂಬಳದ ರಜೆ ಇರುತ್ತದೆ ಎಂದೆ.

‘ನಾವೂ ಇನ್ನೊಬ್ಬರನ್ನ ಕಳಿಸ್ತೀವಿ. ರಜೆ ದುಡ್ಡು ಕೊಡೋರು ಇಲ್ಲ, ಅಷ್ಟೇ’ ಎಂದರು. ಆಮೇಲೆ ವಿವರಿಸಿದರು. ಅವರು, ಅವರ ನಾದಿನಿ, ಅದೇ ಬೀದಿಯ ಇನ್ನೂ ನಾಲ್ವರು ಸೇರಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಒಬ್ಬರಿಗೆ ಜ್ವರ ಬಂದರೆ, ಊರಲ್ಲಿ ಸಾವು-ಮದುವೆ ಇದ್ದರೆ ಇನ್ನೊಬ್ಬರು ಆ ಮನೆಗೆ ಹೋಗುತ್ತಾರೆ; ಆ ದಿನದ ದುಡ್ಡು ಹೋದವರಿಗೆ. ಮನೆ ಹಿಡಿಯುವ ಮೊದಲೇ ಮಾತು ಆಡಿಕೊಳ್ಳುತ್ತಾರೆ: ಎಷ್ಟು ದಿನ, ಯಾವ ಹೊತ್ತು, ಬಟ್ಟೆ ಒಗೆಯುವುದು ಸೇರಿದೆಯೋ ಇಲ್ಲವೋ, ಕೂರಲು ಎತ್ತರದ ಮಣೆ ಕೊಡುತ್ತಾರೋ ಇಲ್ಲವೋ, ಬಿಸಿನೀರು ನಲ್ಲಿಯಲ್ಲೇ ಬರುತ್ತದೋ ಹೊತ್ತು ತರಬೇಕೋ. ಯಾರೊಬ್ಬರೂ ಗುಂಪಿನವರಿಗಿಂತ ಕಡಿಮೆಗೆ ಒಪ್ಪಿಕೊಳ್ಳುವಂತಿಲ್ಲ.

ಯಾವ ಮನೆಗಾದರೂ ಹೋಗುವುದಿಲ್ಲವೆಂದು ಹೇಳಿದ್ದುಂಟೇ ಎಂದು ಕೇಳಿದೆ.

‘ಒಂದು ಕಡೆ ಏಳನೇ ಮಹಡಿ. ನಮ್ಮ ಕೆಲಸದವರು ಮುಂದಿನ ಲಿಫ್ಟಲ್ಲಿ ಬರಬಾರದು, ಹಿಂದಿನ ಸಾಮಾನಿನ ಲಿಫ್ಟಲ್ಲಿ ಬನ್ನಿ ಅಂದ್ರು. ಅದು ದಿನಾ ಕೆಟ್ಟಿರೋದು. ಎರಡು ದಿನ ಮೆಟ್ಟಿಲು ಹತ್ತಿದೆ. ಮೂರನೇ ದಿನ ಬಾಣಂತಿ ಹುಡುಗೀನೇ ಫೋನ್ ಮಾಡಿ, ಆಂಟೀ ಯಾಕೆ ಬಂದಿಲ್ಲ ಅಂದ್ಳು. ಪಾಪ, ಅವಳದೇನೂ ತಪ್ಪಿಲ್ಲ. ಲಿಫ್ಟ್ ವಿಷಯ ನಿಮ್ಮ ಯಜಮಾನರು ಅಸೋಸಿಯೇಷನ್ನಲ್ಲಿ ಮಾತಾಡ್ಲಿ, ಆಗ ಬರ್ತೀನಿ ಅಂದೆ. ಅವರು ಮಾತಾಡಿದ್ರು. ನಾಲ್ಕನೇ ದಿನ ಮುಂದಿನ ಲಿಫ್ಟಲ್ಲೇ ಹೋದೆ. ಈಗ ನಮ್ಮ ಆರೂ ಜನ ಅದರಲ್ಲೇ ಹೋಗ್ತೀವಿ.’